ಯಾವ ಮೀನು, ಯಾವ ಸೊಪ್ಪು?

ಪ್ರಿಯ ಗೆಳೆಯರೇ,

ಗ್ರೀಸಿನ ನಾಫ್‌ಪ್ಲಿಯೊ ಎಂಬ ಬಂದರು ಊರಿನ ಬಗ್ಗೆ ನೀವು ಕಳಿಸಿದ ಪ್ರವಾಸ ಲೇಖನ ಓದಿದೆ. ಎರಡು ಸಲ ಓದಿದೆ. ಭಾಷೆ ಸರಾಗವಾಗಿದೆ, ಕಾಗುಣಿತದ ತಪ್ಪಿಲ್ಲ, ಫೋಟೊಗಳೂ ಚೆನ್ನಾಗಿವೆ. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲಾರೆ. ಸಾಮಾನ್ಯವಾಗಿ ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಈ ಸಲ ಆಗುತ್ತಿಲ್ಲ. ನಿಮ್ಮ ಲೇಖನದ ಒಂದು ಸಾಲು ನನ್ನ ತಲೆಯಲ್ಲೇ ಕೂತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನಗೆ ಸಿಟ್ಟು ತರಿಸಿದ ವಿಷಯ. ನೀವು ಊರನ್ನು ಮೂರು ತುಂಡು ಮಾಡಿದ್ದೀರಿ: ‘ಇತಿಹಾಸ’, ‘ನೋಡುವ ಸ್ಥಳಗಳು’, ‘ಊಟ ತಿಂಡಿ’. ಒಂದು ತುಂಡಿಗೆ ಇನ್ನೊಂದರ ಪರಿಚಯವೇ ಇಲ್ಲ.

‘ನೋಡುವ ಸ್ಥಳಗಳು’ ಭಾಗದ ಮೊದಲ ಸಾಲು ಹೀಗಿದೆ: “ನೀಲಿ ಸಮುದ್ರದ ಮಧ್ಯೆ ಬೂರ್ಟ್ಸಿ ಎಂಬ ಪುಟ್ಟ ಕೋಟೆ ಮುತ್ತಿನಂತೆ ಹೊಳೆಯುತ್ತಾ ಕಣ್ಮನ ಸೆಳೆಯುತ್ತದೆ.”

ನಾನು ಆ ಊರಿಗೆ ಹೋದವನಲ್ಲ. ಓದುಗರಲ್ಲಿ ಹೆಚ್ಚಿನವರೂ ಹೋಗಿಲ್ಲ. ನಮಗೆ ನಿಮ್ಮ ಕಣ್ಣೇ ಗತಿ. ‘ಮುತ್ತಿನಂತೆ’ ಅಂದರೆ ನನಗೇನು ಕಾಣಬೇಕು? ದುಂಡಗಿದೆಯಾ? ಬೆಳ್ಳಗಿದೆಯಾ? ಅದು ವೆನಿಸಿನವರು 1473ರಲ್ಲಿ ಬಂದರಿನ ಕಾವಲಿಗೆ ಕಟ್ಟಿದ ಕಲ್ಲಿನ ಕೋಟೆ. 19ನೇ ಶತಮಾನದಲ್ಲಿ ಬೆಟ್ಟದ ಮೇಲಿನ ಪಲಮಿಡಿ ಕೋಟೆ ಸೆರೆಮನೆಯಾಗಿತ್ತು. ಅಲ್ಲಿ ಕೈದಿಗಳ ತಲೆ ಕಡಿಯುವವರು ಊರೊಳಗೆ ಇರುವುದು ಜನರಿಗೆ ಬೇಡವಾಗಿತ್ತು. ಹಾಗಾಗಿ ಅವರು ವಾಸವಿದ್ದದ್ದು ನೀರಿನ ನಡುವಿನ ಈ ಕೋಟೆಯಲ್ಲಿ. ಇದು ನಿಮಗೆ ಗೊತ್ತಿತ್ತು! ಎರಡು ಪುಟ ಹಿಂದೆ, ‘ಇತಿಹಾಸ’ದ ಭಾಗದಲ್ಲಿ ನೀವೇ ಬರೆದಿದ್ದೀರಿ. ದಡದಲ್ಲಿ ನಿಂತು ಕೋಟೆ ನೋಡುವಾಗ ಮಾತ್ರ ಅದನ್ನು ಮರೆತು ಮುತ್ತು ಹುಡುಕಲು ಹೋದಿರಿ. ಸಂಜೆ ಊರಿನ ಮನೆಗಳಲ್ಲಿ ಒಂದೊಂದೇ ದೀಪ ಹತ್ತುವುದನ್ನು ಆ ತಲೆ ಕಡಿಯುವವನು ನೀರಿನಾಚೆಯಿಂದ ನೋಡಿರಬೇಕು, ಅಲ್ವಾ? ನೀವೂ ಅದೇ ಹೊತ್ತಿಗೆ ಈಚೆ ದಡದಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಿರಿ. ಈ ಎರಡನ್ನೂ ಒಂದೇ ಪ್ಯಾರಾದಲ್ಲಿ ಯಾಕೆ ಇಡಲಿಲ್ಲ?

ಇದಕ್ಕಿಂತ ಜಾಸ್ತಿ ಬೇಜಾರಾದದ್ದು ಚರ್ಚಿನ ವಿಷಯದಲ್ಲಿ. ‘ಇತಿಹಾಸ’ದಲ್ಲಿ: “1831ರಲ್ಲಿ ಗ್ರೀಸಿನ ಮೊದಲ ರಾಜ್ಯಪಾಲ ಇಯೊನಿಸ್ ಕಪೊಡಿಸ್ಟ್ರಿಯಾಸ್ ಹತ್ಯೆಯಾದರು.” ‘ನೋಡುವ ಸ್ಥಳಗಳು’ ಭಾಗದಲ್ಲಿ: “ಸಂತ ಸ್ಪಿರಿಡನ್ ಚರ್ಚ್ ಚಿಕ್ಕದಾದರೂ ಚೊಕ್ಕವಾಗಿದೆ.”

ಗೆಳೆಯರೇ, ಅವರನ್ನು ಕೊಂದದ್ದು ಆ ಚರ್ಚಿನ ಬಾಗಿಲಲ್ಲೇ. ಅಕ್ಟೋಬರ್ 9, ಭಾನುವಾರ ಬೆಳಗ್ಗೆ, ಪ್ರಾರ್ಥನೆಗೆ ಬಂದಾಗ. ಮಾನಿ ಪ್ರಾಂತ್ಯದ ಮುಖಂಡ ಪೆಟ್ರೋಬೇ ಮಾವ್ರೊಮಿಖಾಲಿಸ್‌ನನ್ನು ಕಪೊಡಿಸ್ಟ್ರಿಯಾಸ್ ಸೆರೆಯಲ್ಲಿಟ್ಟಿದ್ದರು. ಅವನ ತಮ್ಮ ಮತ್ತು ಮಗ ಬಾಗಿಲ ಬಳಿ ಕಾದು ನಿಂತಿದ್ದರು. ಗುಂಡಿನ ಗುರುತು ಎಂದು ಗೋಡೆಯ ಒಂದು ಗುಳಿಗೆ ಗಾಜು ಹಾಕಿ ಇವತ್ತಿಗೂ ಇಟ್ಟಿದ್ದಾರೆ. ನೀವು ಅದರ ಪಕ್ಕದಲ್ಲೇ ಹಾದು ಒಳಗೆ ಹೋಗಿರುತ್ತೀರಿ. ಆ ಗುಳಿ ಎಷ್ಟು ಎತ್ತರದಲ್ಲಿದೆ? ನಿಮ್ಮ ಎದೆಯ ಮಟ್ಟಕ್ಕಾ, ತಲೆಯ ಮಟ್ಟಕ್ಕಾ? ನಾನು ಯಾವ ಪುಸ್ತಕದಲ್ಲಾದರೂ ವರ್ಷ, ಹೆಸರು ಹುಡುಕಿಕೊಳ್ಳಬಲ್ಲೆ. ನಿಮ್ಮ ಎದೆಯ ಮಟ್ಟವನ್ನು ನೀವೇ ಹೇಳಬೇಕು.

ಅಂದ ಹಾಗೆ, ‘ರಾಜ್ಯಪಾಲ’ ಅಂದರೆ ನಮ್ಮವರಿಗೆ ರಾಜಭವನ ನೆನಪಾಗುತ್ತದೆ. ಅವರು ಹೊಸ ದೇಶದ ಮುಖ್ಯಸ್ಥರೇ ಆಗಿದ್ದರು. ಹಾಗೇ ಬರೆಯಿರಿ. ನಾಫ್‌ಪ್ಲಿಯೊವನ್ನು ‘ಗ್ರೀಸಿನ ಮೊಟ್ಟಮೊದಲ ರಾಜಧಾನಿ’ ಎಂದು ನೀವು ಕರೆದಲ್ಲೂ ಸ್ವಲ್ಪ ಎಚ್ಚರ ಬೇಕು. ಕಪೊಡಿಸ್ಟ್ರಿಯಾಸ್ ಸರ್ಕಾರ ಮೊದಲು ಕೂತದ್ದು ಈಜೀನಾ ದ್ವೀಪದಲ್ಲಿ. ನಾಫ್‌ಪ್ಲಿಯೊಗೆ ಬಂದದ್ದು 1829ರಲ್ಲಿ. 1834ರಲ್ಲಿ ರಾಜಧಾನಿ ಅಥೆನ್ಸಿಗೆ ಹೋಯಿತು.

ಇನ್ನೊಂದು ಸಾಲು: “ಪಲಮಿಡಿ ಕೋಟೆಗೆ 999 ಮೆಟ್ಟಿಲು. ಹತ್ತಿದರೆ ಮೈ ಬೆವರುತ್ತದೆ.” ಮುಂದಿನ ಪುಟದಲ್ಲಿ, “ಕಾರು ಕೋಟೆಯ ಬಾಗಿಲವರೆಗೂ ಹೋಗುತ್ತದೆ, ಹಿರಿಯರಿಗೆ ಅನುಕೂಲ.” ಹಾಗಾದರೆ ನೀವು ಹತ್ತಿದಿರಾ, ಕಾರಿನಲ್ಲಿ ಹೋದಿರಾ? ನಿಮ್ಮ ಅಮ್ಮ ಜೊತೆಗಿದ್ದರು, ಕಾರಿನಲ್ಲೇ ಹೋಗಿರುತ್ತೀರಿ. ಅದರಲ್ಲಿ ತಪ್ಪೇನಿದೆ? ಆದರೆ ಹತ್ತದ ಮೆಟ್ಟಿಲಿನ ಬೆವರನ್ನು ಬರೆಯಬೇಡಿ. 999 ಅನ್ನುವುದು ಊರಿನವರು ಹೇಳುವ ಲೆಕ್ಕ. ಎಣಿಸಿದವರಿಗೆ ಅಷ್ಟು ಸಿಗುವುದಿಲ್ಲ. ಸಾವಿರನೆಯ ಮೆಟ್ಟಿಲನ್ನು ಗ್ರೀಕ್ ಸ್ವಾತಂತ್ರ್ಯ ಯುದ್ಧದ ಸೇನಾನಿ ಕೊಲೊಕೊಟ್ರೋನಿಸ್‌ನ ಕುದುರೆ ಮುರಿಯಿತು ಅಂತ ಒಂದು ಕಥೆಯೂ ಇದೆ. ಅದೇ ಕೊಲೊಕೊಟ್ರೋನಿಸ್‌ನನ್ನು ಮುಂದೆ ಆ ಕೋಟೆಯಲ್ಲೇ ಸೆರೆಯಿಟ್ಟರು.

ಈಗ ಊಟ. “ಬಾಯಲ್ಲಿ ನೀರೂರಿಸುವ ತಾಜಾ ಮೀನು, ರುಚಿಕರ ಸೊಪ್ಪಿನ ಖಾದ್ಯ, ವಿಶಿಷ್ಟ ಪಾಸ್ತಾ ಇಲ್ಲಿ ದೊರೆಯುತ್ತವೆ.”

ಈ ಸಾಲು ಓದಿ ನನಗೆ ಮಲ್ಪೆ ನೆನಪಾಯಿತು. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಒಂದು ವಾರಪತ್ರಿಕೆಯಲ್ಲಿ ಹೊಸದಾಗಿ ಸೇರಿದ್ದೆ. ಮಲ್ಪೆ ಬಂದರಿನ ಬಗ್ಗೆ ಮೂರು ಪುಟ ಬರೆದು ಕೊಟ್ಟೆ. ಅದರಲ್ಲೂ ‘ಬಾಯಲ್ಲಿ ನೀರೂರಿಸುವ ತಾಜಾ ಮೀನು’ ಇತ್ತು. ನಮ್ಮ ಹಿರಿಯ ಸಂಪಾದಕರು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಎರಡೇ ಪದ ಬರೆದಿದ್ದರು: “ಯಾವ ಮೀನು?” ನನಗೆ ಉತ್ತರ ಗೊತ್ತಿರಲಿಲ್ಲ. ಕೇಳಿರಲೇ ಇಲ್ಲ. ಅವಮಾನ ಆಯಿತು. ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಮೂರನೇ ದಿನ ರಾತ್ರಿ ಬಸ್ಸು ಹತ್ತಿ, ನನ್ನದೇ ದುಡ್ಡಿನಲ್ಲಿ, ಮತ್ತೆ ಮಲ್ಪೆಗೆ ಹೋದೆ. ಬೆಳಕು ಹರಿಯುವ ಮೊದಲೇ ಬಂದರಿನಲ್ಲಿದ್ದೆ. ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸಿನ ಪಕ್ಕ ಕೂತೆ. ಬಂಗುಡೆ ಯಾವುದು, ಬೂತಾಯಿ ಯಾವುದು, ಅಂಜಲ್‌ಗೆ ಯಾಕೆ ಅಷ್ಟು ಬೆಲೆ, ಎಲ್ಲ ಹೇಳಿಕೊಟ್ಟರು. ಕಿವಿರಿನ ಮುಚ್ಚಳ ಎತ್ತಿ ಒಳಗಿನ ಕೆಂಪು ತೋರಿಸಿದರು. ‘ತಾಜಾ’ ಅಂದರೆ ಆ ಕೆಂಪು ಅಂತ ನನಗೆ ಗೊತ್ತಾದದ್ದು ಅವತ್ತು. ಮೂರು ಪುಟ ಒಂದೂವರೆ ಪುಟ ಆಯಿತು. ಅದು ಪ್ರಕಟವಾಯಿತು. ಸಂಪಾದಕರು ಏನೂ ಹೇಳಲಿಲ್ಲ, ಮುಂದಿನ ವಾರ ಇನ್ನೊಂದು ಊರಿಗೆ ಕಳಿಸಿದರು. ಅವರು ಈಗಿಲ್ಲ. ಪ್ರತಿ ಸಲ ಈ ಪ್ರಶ್ನೆ ಬರೆಯುವಾಗ ಅವರ ಕೈಬರಹವೇ ಕಣ್ಣಮುಂದೆ ಬರುತ್ತದೆ.

ಹಾಗಾಗಿ ಕೇಳುತ್ತೇನೆ: ಯಾವ ಮೀನು? ಗಾವ್ರೊಸ್ ಎಂಬ ಪುಟ್ಟ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿದು ಕೊಡುತ್ತಾರೆ, ಅದಾ? ಕೆಂಪಗಿನ ಬಾರ್ಬೂನಿಯಾ ಮೀನಾ? ಪಾಸ್ತಾ ಯಾವುದು? ಆ ಊರಿರುವ ಆರ್ಗೊಲಿಸ್ ಸೀಮೆಯಲ್ಲಿ ‘ಗೋಗೆಸ್’ ಅಂತ ಕೈಯಲ್ಲೇ ಒತ್ತಿ ಮಾಡುತ್ತಾರೆ, ಚಿಪ್ಪಿನ ಹಾಗೆ ಗುಳಿ ಇರುತ್ತದೆ, ಮೇಲೆ ಕಾಯಿಸಿದ ಬೆಣ್ಣೆ, ತುರಿದ ಮಿಝಿತ್ರಾ ಚೀಸು. ಅದೇ ಆಗಿದ್ದರೆ ಹೆಸರು ಹಾಕಿ. ‘ವಿಶಿಷ್ಟ’ ಅನ್ನುವ ಪದ ತಾನಾಗೇ ಬಿದ್ದುಹೋಗುತ್ತದೆ.

ಮತ್ತೆ, ಯಾವ ಸೊಪ್ಪು?

ನನ್ನನ್ನು ಬಿಡದ ಸಾಲು ಇಲ್ಲಿದೆ. “ಬೇಯಿಸಿದ ಸೊಪ್ಪಿಗೆ ನಿಂಬೆಹಣ್ಣು ಹಿಂಡಿ ತಿಂದ ಅಮ್ಮ, ‘ಇದು ನಮ್ಮ ಹರಿವೆ ಸೊಪ್ಪು ಅಲ್ವಾ’ ಅಂದರು. ಅಮ್ಮನಿಗೆ ಎಲ್ಲಿ ಹೋದರೂ ನಮ್ಮೂರೇ ಕಾಣುತ್ತದೆ.” ಅಷ್ಟಕ್ಕೇ ಬಿಟ್ಟು ನೀವು ಐಸ್‌ಕ್ರೀಮಿಗೆ ಹೋಗಿದ್ದೀರಿ.

ನಿಮ್ಮ ಅಮ್ಮ ಹೇಳಿದ್ದು ಸರಿ ಇದ್ದಿರಲೇಬೇಕು. ನೀವು ಹೋದದ್ದು ಜುಲೈನಲ್ಲಿ. ಬೇಸಿಗೆಯಲ್ಲಿ ಗ್ರೀಸಿನಲ್ಲಿ ‘ಹೊರ್ತಾ’, ಅಂದರೆ ಬೇಯಿಸಿದ ಸೊಪ್ಪು, ಅಂತ ಕೇಳಿದರೆ ಹೆಚ್ಚಾಗಿ ತಟ್ಟೆಗೆ ಬರುವುದು ವ್ಲಿತಾ. ವ್ಲಿತಾ ಅಂದರೆ ನಮ್ಮ ಹರಿವೆ, ದಂಟಿನ ಕುಟುಂಬದ್ದೇ ಸೊಪ್ಪು. ದಂಟಿನ ಸಮೇತ ಬೇಯಿಸಿ, ಆಲಿವ್ ಎಣ್ಣೆ ಹಾಕಿ, ನಿಂಬೆಹಣ್ಣಿನ ಜೊತೆ ಕೊಡುತ್ತಾರೆ. ನೀವು ಬೂರ್ಟ್ಸಿಯನ್ನು ನೋಡಿ ಮುತ್ತು ಅಂದಿರಿ. ಅವರು ಒಂದು ತುತ್ತು ತಿಂದು, ಭಾಷೆ ಗೊತ್ತಿಲ್ಲದ ಊರಿನಲ್ಲಿ, ಸೊಪ್ಪಿನ ಹೆಸರು ಹೇಳಿದರು. ಅದನ್ನು ನೀವು ಊರಿನ ಮೋಹ ಅಂದುಕೊಂಡು ತಳ್ಳಿಬಿಟ್ಟಿರಿ. ನನಗೆ ನಿಜವಾಗಿಯೂ ನೋವಾಯಿತು. ಲೇಖನದಲ್ಲಿ ಊರನ್ನು ಸರಿಯಾಗಿ ನೋಡಿದವರು ಅವರೊಬ್ಬರೇ.

ಮೂರು ತಲೆಬರಹಗಳನ್ನೂ ತೆಗೆಯಿರಿ. ಹೋಟೆಲುಗಳ ಬಾಡಿಗೆ, ವಸ್ತುಸಂಗ್ರಹಾಲಯದ ಸಮಯ, ಅವೂ ಬೇಡ. ಆ ಊಟದ ಮೇಜಿನಿಂದ ಶುರು ಮಾಡಿ. ಅಲ್ಲಿಂದ ಬೂರ್ಟ್ಸಿ ಕಾಣುತ್ತಿತ್ತೇ? ಕಾಣುತ್ತಿದ್ದರೆ ಅದೂ ತಾನಾಗೇ ಬರಲಿ.

ಬರೆಯುವ ಮೊದಲು ಅಮ್ಮನ ಹತ್ತಿರ ಕೂತು ಕೇಳಿ. ಸೊಪ್ಪಿನ ಜೊತೆ ದಂಟೂ ಇತ್ತಾ? ದಂಟು ಎಳೆಯದಾ, ಬಲಿತದ್ದಾ? ಹರಿವೆ ಅಂತ ಮೊದಲು ಗೊತ್ತಾದದ್ದು ಬಣ್ಣದಿಂದಲಾ, ವಾಸನೆಯಿಂದಲಾ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಲೇಖನ ಆಮೇಲೆ ಬರಲಿ, ಮೊದಲು ಆ ಟಿಪ್ಪಣಿಯನ್ನು ನನಗೆ ಕಳಿಸಿ.