ನಿಮ್ಮ ‘ಪ್ರೊರೋಗ್’ ಲೇಖನ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ. ‘ಪ್ರೊರೋಗ್’ (ಶಾಸನಸಭೆಯ ಅಧಿವೇಶನವನ್ನು ಅಧಿಕೃತವಾಗಿ ಮುಗಿಸೋದು) ಎಂಬ ಇಂಗ್ಲಿಷ್ ಕ್ರಿಯಾಪದದ ಬಗ್ಗೆ ಗದಗದಿಂದ ನೀವು ಕಳಿಸಿದ ಲೇಖನ ಓದಿದೆ. ಈ ಸಂಚಿಕೆಗೆ ಹಾಕುತ್ತಿಲ್ಲ. ಆದರೆ ನಿಮಗೆ ಬರೆಯೋ ಕೈ ಇದೆ. ಅದಕ್ಕೇ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಗೀಚಿ ಮುಗಿಸಲು ಮನಸ್ಸಾಗಲಿಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. ಉಚ್ಚಾರ, ಸಮಾನಾರ್ಥಕ ಪದ ಎಲ್ಲಾ ಡಿಕ್ಷನರಿಯಲ್ಲೇ ಸಿಗುತ್ತದೆ. ಉಳಿಸಬೇಕಾದದ್ದು ಒಂದು ಸಂಗತಿ. ಹಳೆಯ ರೋಮ್‌ನಲ್ಲಿ ಸೇನಾಪತಿಯ ಅಧಿಕಾರದ ಅವಧಿಯನ್ನು ಮುಂದುವರಿಸೋದಕ್ಕೆ ಈ ಪದದ ಮೂಲರೂಪ ಬಳಸುತ್ತಿದ್ದರು. ಈಗ ಅಧಿವೇಶನ ಮುಗಿಸೋದಕ್ಕೆ ಅದೇ ಪದ! ಇದಕ್ಕೆ ಎರಡು ಸಾಲು ಸಾಕು.

ದೊಡ್ಡ ತಪ್ಪು ಮೂರನೇ ಪುಟದಲ್ಲಿದೆ. ‘ಬೆಳಗಾವಿಯಲ್ಲಿ ಸ್ಪೀಕರ್ ಸದನವನ್ನು ಪ್ರೊರೋಗ್ ಮಾಡಿದರು’ ಅಂತ ಬರೆದಿದ್ದೀರಿ. ಸ್ಪೀಕರ್ ಸದನವನ್ನು ಮುಂದೂಡಬಹುದು, ಅನಿರ್ದಿಷ್ಟಾವಧಿಗೂ ಮುಂದೂಡಬಹುದು, ಅಷ್ಟೇ. ಪ್ರೊರೋಗ್ ಮಾಡೋದು ರಾಜ್ಯಪಾಲರು, ಸಂವಿಧಾನದ 174ನೇ ವಿಧಿಯ ಪ್ರಕಾರ. ವಿಧಾನಸಭೆಯ ವಿಸರ್ಜನೆ ಅದೇ ವಿಧಿಯಲ್ಲಿದ್ದರೂ ಅದು ಬೇರೆಯೇ ಮಾತು. ಅದಾದರೆ ಶಾಸಕರು ಚುನಾವಣೆಗೆ ಹೋಗಬೇಕು. ಪ್ರೊರೋಗ್ ಆದರೆ ಶಾಸಕರು ಶಾಸಕರಾಗೇ ಇರುತ್ತಾರೆ.

‘ಬಾಕಿ ಮಸೂದೆಗಳೆಲ್ಲ ಬಿದ್ದುಹೋಗುತ್ತವೆ’ ಅಂದಿದ್ದೀರಲ್ಲ, ಅದು ಲಂಡನ್ ಕಥೆ. ಅಲ್ಲೂ ಕೆಲವನ್ನು ಮುಂದಿನ ಅಧಿವೇಶನಕ್ಕೆ ಒಯ್ಯುವ ಪದ್ಧತಿ ಇದೆ. ನಮ್ಮ ಸಂವಿಧಾನ 196ನೇ ವಿಧಿಯಲ್ಲಿ, ಪ್ರೊರೋಗ್ ಆದ ಮಾತ್ರಕ್ಕೆ ಮಸೂದೆ ಬೀಳೋದಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ಇಂಗ್ಲಿಷ್ ಡಿಕ್ಷನರಿ ಹಿಡಿದು ಹೊರಟಿದ್ದಕ್ಕೆ ಅಲ್ಲಿನ ಸಂಪ್ರದಾಯವೂ ಜೊತೆಗೆ ಬಂದುಬಿಟ್ಟಿದೆ. 2019ರಲ್ಲಿ ಬೋರಿಸ್ ಜಾನ್ಸನ್ ಪಾರ್ಲಿಮೆಂಟನ್ನು ಪ್ರೊರೋಗ್ ಮಾಡಿಸಿದ್ದು, ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಕಾನೂನುಬಾಹಿರ ಅಂದದ್ದು, ಇದಕ್ಕೇ ನೀವು ಒಂದು ಪುಟ ಕೊಟ್ಟಿದ್ದೀರಿ. ಪಕ್ಕದ ತೆಲಂಗಾಣ ಬಿಟ್ಟೇಹೋಗಿದೆ. 2022ರಲ್ಲಿ ಅಲ್ಲಿನ ಸರ್ಕಾರ ಬಜೆಟ್ ಅಧಿವೇಶನವನ್ನು ರಾಜ್ಯಪಾಲರ ಭಾಷಣವಿಲ್ಲದೇ ನಡೆಸಿತು. ಹಿಂದಿನ ಅಧಿವೇಶನ ಪ್ರೊರೋಗೇ ಆಗಿಲ್ಲ, ಇದು ಅದರ ಮುಂದುವರಿಕೆ, ಹಾಗಾಗಿ ಭಾಷಣ ಬೇಕಿಲ್ಲ ಅನ್ನೋದು ಅವರ ವಾದ. ಒಂದು ಕ್ರಿಯಾಪದ ರಾಜಕೀಯದಲ್ಲಿ ಏನೆಲ್ಲ ಮಾಡುತ್ತದೆ ಅಂತ ತೋರಿಸೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

‘ಬಳಸಲ್ಪಡುತ್ತದೆ’, ‘ಪರಿಗಣಿಸಲ್ಪಟ್ಟಿದೆ’ ಇವನ್ನೆಲ್ಲ ದಯವಿಟ್ಟು ಕಿತ್ತುಹಾಕಿ.

ಇನ್ನು ಕೊನೆಯ ಪುಟ. ಬೆಳಗಾವಿ ಅಧಿವೇಶನದ ಹೊತ್ತಿಗೆ ಧರಣಿಗೆ ಬಂದ ನರಗುಂದದ ರೈತ ಟೆಂಟಿನಲ್ಲಿ ಕೇಳ್ತಾನಲ್ಲ, ‘ಸದನ ಮುಂದ ಹಾಕ್ಯಾರಂತ. ಅಂದ್ರ ಮತ್ತ ಕೂಡತೈತೋ ಇಲ್ಲೋ?’ ಅಂತ. ನೀವು ಅದನ್ನು ತಮಾಷೆಗೆ ಬರೆದಿದ್ದೀರಿ. ಆದರೆ ನಿಮ್ಮ ವಿಷಯದ ತಿರುಳೇ ಆ ಪ್ರಶ್ನೆ. ಬರೀ ಮುಂದೂಡಿದ್ದರೆ ಸ್ಪೀಕರ್ ಸದನವನ್ನು ಮತ್ತೆ ಸೇರಿಸಬಹುದು. ಪ್ರೊರೋಗ್ ಆಗಿದ್ದರೆ ರಾಜ್ಯಪಾಲರೇ ಹೊಸದಾಗಿ ಕರೆಯಬೇಕು. ಎರಡೂ ಸದನಗಳು ಅಧಿವೇಶನದಲ್ಲಿದ್ದಾಗ ಸುಗ್ರೀವಾಜ್ಞೆ ಹೊರಡಿಸುವಂತಿಲ್ಲ, ಹಾಗಾಗಿ ಸರ್ಕಾರಕ್ಕೂ ಈ ವ್ಯತ್ಯಾಸ ಬೇಕು. ಆ ರೈತನಿಂದಲೇ ಲೇಖನ ಶುರು ಮಾಡಿ.

600 ಪದ ಮೀರಬೇಡಿ. ಬೆಳಗಾವಿ ಅಧಿವೇಶನಕ್ಕೆ ಮುಂಚಿನ ಸಂಚಿಕೆಗೆ ಹಾಕುವ ಆಸೆಯಿದೆ, ನವೆಂಬರ್ ಮೊದಲ ವಾರದೊಳಗೆ ಧಾರವಾಡಕ್ಕೆ ತಲುಪಲಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ, ಫೋಟೊ ಹೊಡೆದು ವಾಟ್ಸ್ಆ್ಯಪ್ ಮಾಡಬೇಡಿ.