ಪೌಡರ್ ಕೋಟಿಂಗ್‌ಗೆ ಕೊಡುವ ಮೊದಲು ಆ ಸೈಕಲ್ ಫ್ರೇಮನ್ನು ಓದಿಕೊಳ್ಳಿ

ಇಂಗ್ಲೆಂಡಿನ ಡರ್ಬಿಯ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡು ಬೆಂಗಳೂರಿಗೆ ಹೊತ್ತು ತಂದ ಹೆಸರಿಲ್ಲದ ನೀಲಿ ಸೈಕಲ್ ಫ್ರೇಮಿನ ಫೋಟೋ ಹಾಕಿ ನೀವು ಈ ಚರ್ಚೆಯಲ್ಲಿ ಮೂರು ಪ್ರಶ್ನೆ ಕೇಳಿದ್ದೀರಿ: ಇದನ್ನು ಮಾಡಿದವರು ಯಾರು, ಸಿಕ್ಕಿಕೊಂಡ ಸೀಟ್ ಪೋಸ್ಟ್ (ಸೀಟು ಹೊರುವ ಕಂಬ) ಬಿಡಿಸುವುದು ಹೇಗೆ, ಮುಂದಿನ ವಾರ ಪೀಣ್ಯದಲ್ಲಿ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಚ್ಚಿ ಓವನ್ನಿನಲ್ಲಿ ಬೇಯಿಸುವುದು) ಮಾಡಿಸಿಬಿಡಲೇ ಅಂತ. ಕೊನೆಯದಕ್ಕೆ ಮೊದಲು ಹೇಳುತ್ತೇನೆ. ಬೇಡ. ಸದ್ಯಕ್ಕಂತೂ ಬೇಡವೇ ಬೇಡ. ಇಂಥ ಫ್ರೇಮಿಗೆ ಆರ್‌ಸಿ ಬುಕ್ಕು ಇರುವುದಿಲ್ಲ, ಇರುವ ದಾಖಲೆಯೆಲ್ಲ ಆ ಬಣ್ಣದ ಪದರಗಳಲ್ಲಿ ಮತ್ತು ಕಬ್ಬಿಣದ ಮೇಲಿನ ಗುರುತುಗಳಲ್ಲೇ ಇರುತ್ತದೆ. ಪೌಡರ್ ಹಾಕುವ ಮುನ್ನ ಹಳೆ ಬಣ್ಣ ಕೀಳಲು ಮರಳು ಹೊಡೆಸಿದರೆ ಅರ್ಧ ಗಂಟೆಯಲ್ಲಿ ಎಲ್ಲ ಸ್ವಾಹಾ.

ನಿಮಗೆ ಮೇಲೆ ಉತ್ತರಿಸಿದ ಒಬ್ಬರು ಇದು ರ‍್ಯಾಲಿ ಅಂದರು, ಇನ್ನೊಬ್ಬರು ಹೆಚಿನ್ಸ್ ಇರಬಹುದು ಅಂದರು. ಎರಡೂ ಇಂಗ್ಲೆಂಡಿನ ಹಳೆಯ ಸೈಕಲ್ ತಯಾರಕರು, ಆದರೆ ಎರಡೂ ಊಹೆ ನನಗೆ ಒಪ್ಪಿಗೆಯಾಗಲಿಲ್ಲ. ಹೆಚಿನ್ಸ್ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಹಾವಿನಂತೆ ಬಳುಕಿದ ಹಿಂಬದಿಯ ಕೊಳವೆಗಳು, ಬಳ್ಳಿ ಕೆತ್ತಿದಂಥ ಲಗ್ಗುಗಳು (ಕೊಳವೆಗಳನ್ನು ಕೂಡಿಸುವ ಲೋಹದ ತೋಳುಗಳು). ನೇರ ಕೊಳವೆಯ ಹೆಚಿನ್ಸ್‌ಗಳೂ ಇವೆ, ಆದರೆ ನಿಮ್ಮ ಲಗ್ಗುಗಳು ತೀರಾ ಸಾದಾ. ರ‍್ಯಾಲಿ ಹೌದೋ ಅಲ್ಲವೋ ಅನ್ನುವುದನ್ನು ಊಹಿಸುವ ಅಗತ್ಯವೇ ಇಲ್ಲ, ಅಳೆದು ನೋಡಬಹುದು. ನಾಟಿಂಗ್‌ಹ್ಯಾಮ್ ಕಾರ್ಖಾನೆಯ ಬಹುಪಾಲು ರ‍್ಯಾಲಿಗಳ ಬಾಟಮ್ ಬ್ರಾಕೆಟ್ಟಿನಲ್ಲಿ (ಪೆಡಲಿನ ಆಕ್ಸಲ್ ಕೂರುವ ಅಡಿಯ ಗೂಡು) ಇಂಚಿಗೆ 26 ಥ್ರೆಡ್. ಇಂಗ್ಲೆಂಡಿನ ಉಳಿದ ಹೆಚ್ಚಿನ ತಯಾರಕರದು ಇಂಚಿಗೆ 24, ಬೇರಿಂಗ್ ಹಿಡಿದಿಡುವ ಥ್ರೆಡ್ ಬಟ್ಟಲಿನ, ಅಂದರೆ ಕಪ್ಪಿನ, ವ್ಯಾಸ 1.37 ಇಂಚು, ಬ್ರಾಕೆಟ್ಟಿನ ಅಗಲ 68 ಮಿ.ಮೀ. ಅಗಲ 70 ಮಿ.ಮೀ. ಬಂದು ಎರಡೂ ಕಡೆ ಮಾಮೂಲಿ ಬಲಥ್ರೆಡ್ ಇದ್ದರೆ ಅದು ಇಟಲಿಯ ಅಳತೆ, ಆಗ ನಮ್ಮ ಲೆಕ್ಕಾಚಾರವೆಲ್ಲ ಬದಲಾಗುತ್ತದೆ. ಒಂದು ಥ್ರೆಡ್ ಗೇಜು ಇದ್ದರೆ ಈ ವಾದ ಐದು ನಿಮಿಷದಲ್ಲಿ ಮುಗಿಯುತ್ತದೆ. ಕಪ್ ಬಿಚ್ಚುವಾಗ ಮಾತ್ರ ಎಚ್ಚರ. ಇಂಗ್ಲಿಷ್ ಅಳತೆಯಲ್ಲಿ ಚೈನ್ ಇರುವ ಕಡೆಯ ಕಪ್ ಉಲ್ಟಾ ಥ್ರೆಡ್, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿದರೆ ಸಡಿಲವಾಗುತ್ತದೆ. ಇದು ಗೊತ್ತಿಲ್ಲದೆ ನಾಲ್ಕಡಿ ಪೈಪ್ ಹಾಕಿ ಇನ್ನಷ್ಟು ಬಿಗಿ ಮಾಡಿ ಕೂತವರು ಬೇಕಾದಷ್ಟು ಜನ.

ಫೋಟೋದಲ್ಲಿ ನನ್ನ ಕಣ್ಣಿಗೆ ಬಿದ್ದ ಮೊದಲ ಸಂಗತಿ ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಬಲಗಾಲಿನ ಹೊರಬದಿಯ ಆ ಸಣ್ಣ ಗುಬುಟು. ಅದು ಮುರಿದ ತುಂಡಲ್ಲ, ದೀಪದ ಬ್ರಾಕೆಟ್ ಕೂರಿಸಲೆಂದು ಬೆಸೆದದ್ದು. ದಯವಿಟ್ಟು ಅದನ್ನು ಉಜ್ಜಿ ತೆಗೆಸಬೇಡಿ. ಎರಡನೆಯದು, ಹಿಂದಿನ ಡ್ರಾಪ್‌ಔಟ್‌ಗಳಲ್ಲಿ (ಚಕ್ರದ ಆಕ್ಸಲ್ ಕೂರುವ ಸೀಳುಗಳಲ್ಲಿ) ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಗೇರ್ ಸಾಧನ, ತೂಗುಹಾಕುವ ಕಿವಿ ಇಲ್ಲ. ಮೂರನೆಯದು, ಬ್ರೇಕ್ ಕೇಬಲ್ಲಿಗಾಗಲಿ ಗೇರ್ ಲಿವರಿಗಾಗಲಿ ಕೊಳವೆಯ ಮೇಲೆ ಏನನ್ನೂ ಬೆಸೆದಿಲ್ಲ, ಎಲ್ಲ ಪಟ್ಟಿ ಕಟ್ಟಿ ನಿಲ್ಲಿಸುತ್ತಿದ್ದ ಕಾಲದ್ದು. ಇವು ಮೂರೂ ಒಟ್ಟಿಗೆ ಇರುವುದರಿಂದ 1940-50ರ ದಶಕದ ಬ್ರಿಟಿಷ್ ಕ್ಲಬ್ ಸೈಕಲ್ ಅನ್ನುವುದು ನನ್ನ ಅಂದಾಜು. ವಾರದ ದಿನ ಫ್ಯಾಕ್ಟರಿಗೆ, ಭಾನುವಾರ ಕ್ಲಬ್ಬಿನವರ ಜೊತೆ ದೂರದ ಸವಾರಿಗೆ ಅಥವಾ ಒಬ್ಬೊಬ್ಬರೇ ಗಡಿಯಾರದ ಎದುರು ಓಡಿಸುವ ಟೈಮ್ ಟ್ರಯಲ್ ಸ್ಪರ್ಧೆಗೆ ಒಂದೇ ಸೈಕಲ್ ಒಯ್ಯುತ್ತಿದ್ದ ಜನರದು. ಆಗ ಅಲ್ಲಿ ಊರೂರಿಗೂ ಒಬ್ಬ ಫ್ರೇಮ್ ಬಿಲ್ಡರ್. ಕ್ಲಾಪಮ್‌ನಲ್ಲಿ ಕ್ಲಾಡ್ ಬಟ್ಲರ್, ಸ್ಟಾಕ್ಟನ್‌ನಲ್ಲಿ ಜಾಕ್ ಟೇಲರ್, ನಿಮ್ಮ ಡರ್ಬಿಯಲ್ಲೇ 1946ರಲ್ಲಿ ಶುರುವಾದ ಮರ್ಸಿಯನ್. ಡರ್ಬಿಯಲ್ಲಿ ಸಿಕ್ಕಿತೆಂದು ಮರ್ಸಿಯನ್ ಅಂದುಕೊಳ್ಳಬೇಡಿ. ಎಪ್ಪತ್ತು ವರ್ಷದಲ್ಲಿ ಸೈಕಲ್ ಎಲ್ಲಿಂದ ಎಲ್ಲಿಗೂ ಹೋಗಿರುತ್ತದೆ, ನೋಡಿ, ಈಗ ಬೆಂಗಳೂರಿಗೇ ಬಂದಿದೆಯಲ್ಲ.

ಫ್ರೇಮ್ ನಂಬರಿನ ವಿಷಯ. ಬ್ರಾಕೆಟ್ಟಿನ ಅಡಿಯಲ್ಲಿ ಕಾಣುವ ಅಂಕಿಗಳನ್ನು ಓರೆ ಬೆಳಕಿನಲ್ಲಿ ಟಾರ್ಚ್ ಹಿಡಿದು ಓದಿ, ಬಣ್ಣ ತುಂಬಿಕೊಂಡಿದ್ದರೆ ಮರದ ಕಡ್ಡಿಯಿಂದ ಕೆದಕಿ, ಕಬ್ಬಿಣದ ಬ್ರಶ್ ಬೇಡ. ಆಮೇಲೆ ಫೋರ್ಕ್ ಬಿಚ್ಚಿ ಅದರ ಕತ್ತಿನ ಕೊಳವೆಯ ಮೇಲೂ ಹುಡುಕಿ. ಅಲ್ಲೂ ಅದೇ ನಂಬರ್ ಸಿಕ್ಕರೆ ಫ್ರೇಮು ಫೋರ್ಕು ಹುಟ್ಟಿನಿಂದ ಜೋಡಿ ಎಂದರ್ಥ, ಬೆಲೆಯೂ ಬೇರೆ, ನೆಮ್ಮದಿಯೂ ಬೇರೆ. ಡ್ರಾಪ್‌ಔಟ್‌ಗಳ ಒಳಬದಿಯನ್ನೂ ನೋಡಿ. ಆದರೆ ಅಲ್ಲಿ ಅಚ್ಚಾದ ಹೆಸರು ಆ ಬಿಡಿಭಾಗ ಮಾಡಿದವರದು, ಫ್ರೇಮ್ ಮಾಡಿದವರದಲ್ಲ. ಇಟಲಿಯ ಬಿಡಿಭಾಗ ತಯಾರಕರಾದ ಕ್ಯಾಂಪಗ್ನೋಲೋ ಹೆಸರು ಕಂಡ ಕೂಡಲೇ ಇಟಲಿಯ ಫ್ರೇಮ್ ಎಂದು ಮಾರುವವರು ಇದ್ದಾರೆ. ಸಂತೆಯವರ ಫೋನ್ ನಂಬರ್ ನಿಮ್ಮಲ್ಲಿದ್ದರೆ ಹಿಂದಿನ ಚಕ್ರ ಇನ್ನೂ ಇದೆಯೇ ಕೇಳಿ. ಅದರಲ್ಲಿ ಸ್ಟರ್ಮಿ-ಆರ್ಚರ್ ಕಂಪನಿಯ ಹಬ್ (ಗೇರುಗಳನ್ನು ಒಳಗೇ ಇಟ್ಟುಕೊಂಡ ಚಕ್ರದ ನಡುಭಾಗ) ಇದ್ದರೆ ಅದರ ಮೈಮೇಲೆ ತಯಾರಾದ ವರ್ಷ ಅಚ್ಚಾಗಿರುವುದು ಸಾಮಾನ್ಯ. ಚಕ್ರ ಬದಲಾಗಿರಬಹುದು ನಿಜ, ಆದರೂ ಸಾಕ್ಷಿ ಸಾಕ್ಷಿಯೇ.

ಕೊಳವೆ ಎಂಥದ್ದು ಎಂದು ತಿಳಿಯಲು ಪೋಸ್ಟ್ ಹೊರಬರುವವರೆಗೆ ಕಾಯಬೇಕಿಲ್ಲ, ಹೊರಗೆ ಕಾಣುವ ಭಾಗಕ್ಕೇ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿ 1935ರಲ್ಲಿ 531 ಎಂಬ ಮ್ಯಾಂಗನೀಸ್-ಮಾಲಿಬ್ಡಿನಂ ಉಕ್ಕಿನ ಕೊಳವೆ ತಂದಿತು. ಬೆಸುಗೆ ಬೀಳುವ ತುದಿಯಲ್ಲಿ ದಪ್ಪ, ನಡುವೆ ತೆಳ್ಳಗೆ ಎಳೆದ ಬಟೆಡ್ ಕೊಳವೆಗೆ ಅವರು 1897ರಲ್ಲೇ ಪೇಟೆಂಟ್ ಪಡೆದಿದ್ದರು. ಸೀಟ್ ಪೋಸ್ಟ್ ಇಳಿಯುವ ಕೊಳವೆಯ, ಅಂದರೆ ಸೀಟ್ ಟ್ಯೂಬಿನ, ಹೊರವ್ಯಾಸ 28.6 ಮಿ.ಮೀ. ಇದ್ದು, ಪೋಸ್ಟ್ 27.2 ಬಂದರೆ ಗೋಡೆ ಅಷ್ಟು ತೆಳ್ಳಗಿದೆ ಎಂದಾಯಿತು, ಒಳ್ಳೆಯ ಕೊಳವೆಯೇ. 26.4ರ ಸುತ್ತ ಬಂದರೆ ಗೋಡೆ ದಪ್ಪ. 25.4ಕ್ಕೆ ಇಳಿದರೆ ಸಾಧಾರಣ ಪೈಪು. ಹೊರವ್ಯಾಸವನ್ನು ಮೊದಲು ಅಳೆಯಲು ಮರೆಯಬೇಡಿ, ಫ್ರೆಂಚ್ ಕೊಳವೆ 28.0 ಇರುವುದರಿಂದ ಅದರಲ್ಲಿ 26.4 ಬಂದರೂ ಕೊಳವೆ ಚೆನ್ನಾಗಿಯೇ ಇರಬಹುದು. ಹಿಂದಿನ ಡ್ರಾಪ್‌ಔಟ್‌ಗಳ ನಡುವಿನ ಅಂತರವನ್ನೂ ಬರೆದಿಟ್ಟುಕೊಳ್ಳಿ. 110-114 ಆದರೆ ಒಂಟಿ ಗೇರು ಅಥವಾ ಹಬ್ ಗೇರು, 120 ಆದರೆ ಐದು ಹಲ್ಲುಚಕ್ರದ ಕಾಲ, 126 ಇದ್ದರೆ ಯಾರೋ ಆಮೇಲೆ ಹಿಗ್ಗಿಸಿರಬೇಕು.

ಇನ್ನು ಆ ನೀಲಿ. ಬ್ರಶ್ಶಿನ ಗೆರೆ ಕಾಣುತ್ತಿದೆ, ಅಂದರೆ ಮನೆಯ ಗೇಟಿಗೆ ಹೊಡೆಯುವ ಎನಾಮಲ್. ಅದರ ಕೆಳಗೆ ಮೂಲ ಬಣ್ಣ ಉಳಿದಿರುವ ಸಾಧ್ಯತೆ ಚೆನ್ನಾಗಿದೆ. ಬ್ರಾಕೆಟ್ಟಿನ ಅಡಿಯಲ್ಲಿ, ಯಾರಿಗೂ ಕಾಣದ ಕಡೆ, ಇಯರ್ ಬಡ್‌ನಲ್ಲಿ ಥಿನ್ನರ್ ಅದ್ದಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಉಜ್ಜಿ. ನೀಲಿ ಮಾತ್ರ ಬಂದು ಕೆಳಗಿನದು ಗಟ್ಟಿಯಾಗಿ ನಿಂತರೆ ಅದು ಒಲೆಯಲ್ಲಿ ಬೇಯಿಸಿದ ಎನಾಮಲ್, ನಿಮ್ಮ ಅದೃಷ್ಟ. ಕೆಳಗಿನದೂ ಕರಗಿ ಬಂದರೆ ಸೆಲ್ಯುಲೋಸ್ ಬಣ್ಣ, ಥಿನ್ನರ್ ಅಲ್ಲಿಗೇ ಬಿಟ್ಟು ಹಳೆ ಎಟಿಎಂ ಕಾರ್ಡಿನ ಅಂಚಿನಿಂದ ತಾಳ್ಮೆಯಿಂದ ಕೆರೆಯಬೇಕು. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು, ಒಣ ಉಜ್ಜುಕಾಗದ ಹಾಕಿ ಧೂಳೆಬ್ಬಿಸಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಮೊದಲು ಬಿಡಿಸಬೇಕಾದ್ದು ಮೂರು ಕಡೆ: ಹೆಡ್ ಟ್ಯೂಬಿನ (ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆ) ಮುಂಭಾಗ, ಡೌನ್ ಟ್ಯೂಬಿನ (ಅಲ್ಲಿಂದ ಬ್ರಾಕೆಟ್ಟಿಗೆ ಇಳಿಯುವ ಕೊಳವೆ) ಎರಡು ಪಕ್ಕ, ಸೀಟ್ ಟ್ಯೂಬಿನ ಮೇಲ್ಭಾಗ. ತಯಾರಕರ ಹೆಸರೂ ರೆನಾಲ್ಡ್ಸ್ ಚೀಟಿಯೂ ಅಂಟಿರುತ್ತಿದ್ದದ್ದು ಅಲ್ಲೇ. ಅಕ್ಷರ ಪೂರ್ತಿ ಹೋಗಿದ್ದರೂ ಅದು ಮುಚ್ಚಿದ್ದ ಜಾಗದ ಬಣ್ಣ ಮಾಸದೆ ಉಳಿದು ನೆರಳಿನಂತೆ ಓದಲು ಸಿಗುವುದುಂಟು.

ಇಷ್ಟು ಮಾಹಿತಿ ಕೂಡಿಸಿಕೊಂಡು ಬ್ರಿಟನ್ನಿನ ವೆಟರನ್-ಸೈಕಲ್ ಕ್ಲಬ್ಬಿಗೆ ಬರೆಯಿರಿ. 1955ರಿಂದ ಇರುವ ಸಂಘ, ಒಂದೊಂದು ತಯಾರಕರ ದಾಖಲೆ ನೋಡಿಕೊಳ್ಳುವ ಸದಸ್ಯರೇ ಅಲ್ಲಿದ್ದಾರೆ. ಬರೀ ಫೋಟೋ ಕಳಿಸಿ 'ಇದೇನು ಹೇಳಿ' ಅಂದರೆ ಯಾರೂ ಹೇಳಲಾರರು. ಅಷ್ಟಾದರೂ ಹೆಸರು ಸಿಗದೇ ಹೋಗಬಹುದು, ಬಿಡಿ. ಲಗ್ಗಿನ ಅಂಚನ್ನು ಅರದಿಂದ ತೆಳ್ಳಗೆ ಮಾಡಿದ್ದರೆ, ಬೆಸುಗೆಯ ಹಿತ್ತಾಳೆ ಅಂಚಿನುದ್ದಕ್ಕೂ ಒಂದೇ ಸಮ ಇಣುಕಿದ್ದರೆ, ಮಾಡಿದವರಿಗೆ ಕೆಲಸ ಗೊತ್ತಿತ್ತು ಎಂದು ಧೈರ್ಯವಾಗಿ ಹೇಳಬಹುದು.

ದುಡ್ಡು ಸುರಿಯುವ ಮೊದಲು ಫ್ರೇಮ್ ನೆಟ್ಟಗಿದೆಯೇ ನೋಡಿ. ಹೆಡ್ ಟ್ಯೂಬಿನ ಹಿಂದೆ, ಡೌನ್ ಟ್ಯೂಬಿನ ಅಡಿಯಲ್ಲಿ ಬೆರಳಾಡಿಸಿ. ಸುಕ್ಕು ತಗುಲಿದರೆ ಎಲ್ಲಿಗೋ ಗುದ್ದಿದ ಸೈಕಲ್ಲು. ಒಂದು ಡ್ರಾಪ್‌ಔಟ್‌ನಿಂದ ಹೆಡ್ ಟ್ಯೂಬ್ ಬಳಸಿ ಇನ್ನೊಂದು ಡ್ರಾಪ್‌ಔಟಿಗೆ ದಾರ ಬಿಗಿಯಾಗಿ ಕಟ್ಟಿ, ಸೀಟ್ ಟ್ಯೂಬಿನಿಂದ ಎರಡೂ ಬದಿಯ ದಾರಕ್ಕೆ ಇರುವ ದೂರ ಅಳೆಯಿರಿ. ಎರಡು ಮೂರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲು ಅದನ್ನು ಸರಿಮಾಡಿಸಿ, ಬಣ್ಣ ಆಮೇಲೆ.

ಸೀಟ್ ಪೋಸ್ಟಿಗೆ ಸುತ್ತಿಗೆ ಬೇಡ. ಮ್ಯಾಗ್ನೆಟ್ ಹಿಡಿಯಿರಿ. ಹಿಡಿದರೆ ಉಕ್ಕು, ಹಿಡಿಯದಿದ್ದರೆ ಅಲ್ಯೂಮಿನಿಯಂ. ಕ್ಲಾಂಪಿನ ಬೋಲ್ಟ್ ಪೂರ್ತಿ ತೆಗೆದು, ಫ್ರೇಮನ್ನು ತಲೆಕೆಳಗಾಗಿ ನಿಲ್ಲಿಸಿ, ಬ್ರಾಕೆಟ್ ಕಡೆಯಿಂದ ಸೀಟ್ ಟ್ಯೂಬಿನೊಳಗೆ ತುಕ್ಕುಬಿಡಿಸುವ ಎಣ್ಣೆ ಸುರಿದು ಒಂದು ವಾರ ಮರೆತುಬಿಡಿ. ಆಮೇಲೆ ಪೋಸ್ಟನ್ನು ಗೋಡೆಗೋ ಮೇಜಿಗೋ ಬಿಗಿದ ವೈಸಿನಲ್ಲಿ ಕಚ್ಚಿಸಿ ಫ್ರೇಮನ್ನೇ ನಿಧಾನ ತಿರುಗಿಸಿ. ಎಳೆಯಬೇಡಿ, ತಿರುಗಿಸಿ. ಕೊಳವೆ ತೆಳ್ಳಗಿದೆ, ತಿರುಚಿಕೊಳ್ಳುವಂತೆ ಅನಿಸಿದರೆ ನಿಲ್ಲಿಸಿ ಮತ್ತೆ ಎಣ್ಣೆ. ಅಲ್ಯೂಮಿನಿಯಂ ಆದರೆ ಬಿಸಿ ಮಾಡಬೇಡಿ, ಅದು ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಐಸ್ ಇಟ್ಟು ತಣ್ಣಗೆ ಮಾಡಿದರೆ ಕುಗ್ಗಿ ಸಡಿಲಾಗುವ ಸಾಧ್ಯತೆ ಇದೆ. ಯಾವುದಕ್ಕೂ ಬಗ್ಗದಿದ್ದರೆ ಮೇಲ್ಭಾಗ ಕತ್ತರಿಸಿ ಒಳಗಿನಿಂದ ಹ್ಯಾಕ್ಸಾ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಬೇಕು, ಬೇಸರದ ಕೆಲಸ. ಕಾಸ್ಟಿಕ್ ಸೋಡಾ ಸುರಿಯಿರಿ ಎಂಬ ಸಲಹೆಯೂ ಮೇಲೆ ಬಂದಿದೆ. ಅದು ಅಲ್ಯೂಮಿನಿಯಂ ಕರಗಿಸುತ್ತದೆ ನಿಜ, ಜೊತೆಗೆ ಕುದಿದು ಹೈಡ್ರೋಜನ್ ಬಿಡುತ್ತದೆ, ಬಣ್ಣ ಹಾಳು, ಕಣ್ಣಿಗೆ ಹಾರಿದರೆ ಕಣ್ಣೂ ಹೋದೀತು. ಮನೆಯಲ್ಲಿ ಮಾಡುವ ಕೆಲಸವಲ್ಲ.

ತುಕ್ಕಿಗೆ ಕಲ್ಲುಪಾಲಿಶಿನವರು ಬಳಸುವ ಆಕ್ಸಾಲಿಕ್ ಆಸಿಡ್ ಪುಡಿ ಸಾಕು. ಲೀಟರ್ ನೀರಿಗೆ ಎರಡು ಚಮಚ, ಕೈಗೆ ಗ್ಲೌಸ್, ಪುಡಿ ಮೂಗಿಗೆ ಹೋಗದಂತೆ ಮಾಸ್ಕ್. ವಿಷ ಅದು, ಅಡುಗೆಮನೆಯ ಪಾತ್ರೆ ಮುಟ್ಟಬೇಡಿ. ಬಣ್ಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ತೊಳೆದ ಮೇಲೆ ಅಡುಗೆ ಸೋಡಾಪುಡಿ ಕರಗಿಸಿದ ನೀರಿನಲ್ಲಿ ಅದ್ದಿ ತೆಗೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಕೊಳವೆಗಳ ಒಳಗೆ 'ಬಾಯ್ಲ್ಡ್ ಲಿನ್ಸೀಡ್ ಆಯಿಲ್' ಎಂದು ಸಿಗುವ ಅಗಸೆ ಎಣ್ಣೆ ಬಿಟ್ಟು ತಿರುಗಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿ ಅಥವಾ ಹರಡಿ ಒಣಗಿಸಿ.

ಮೂಲ ಬಣ್ಣ ಏನೂ ಉಳಿದಿಲ್ಲ ಎಂದು ಖಾತ್ರಿಯಾದರೆ ಆಗ ಹೊಸ ಬಣ್ಣ ಹಾಕಿಸಿ, ನನ್ನ ತಕರಾರಿಲ್ಲ. ಪೌಡರ್ ಕೋಟಿಂಗ್ ಓವನ್ನಿನ 200 ಡಿಗ್ರಿ ಸೆಲ್ಸಿಯಸ್ ಕಾವಿಗೆ ಬೆಸುಗೆ ಬಿಡುವುದಿಲ್ಲ, ಬೆಳ್ಳಿ ಬೆಸುಗೆ ಕರಗಲೂ 600 ದಾಟಬೇಕು. ಹೆದರಬೇಕಾದ್ದು ಅದಕ್ಕೂ ಮೊದಲು ಗೇಟು-ಗ್ರಿಲ್ಲಿಗೆ ಹೊಡೆಯುವ ರಭಸದಲ್ಲೇ ಹೊಡೆಯುವ ದಪ್ಪ ಮರಳಿಗೆ. ನಡುವೆ 0.6 ಮಿ.ಮೀ. ಇರುವ ಗೋಡೆ ಅದು. ಪೌಡರ್ ದಪ್ಪಗೆ ಕೂತು ಲಗ್ಗಿನ ಅಂಚನ್ನೂ ನುಂಗುತ್ತದೆ. ಕಾರಿಗೆ ಬಣ್ಣ ಹೊಡೆಯುವವರಲ್ಲಿ ತೆಳುವಾಗಿ ಸ್ಪ್ರೇ ಮಾಡಿಸುವುದೇ ನನಗೆ ಸರಿ ಅನಿಸುತ್ತದೆ. ಥ್ರೆಡ್‌ಗಳಿಗೆ ಟೇಪ್ ಸುತ್ತಿ ಕೊಡಿ.

ಚಕ್ರ ಕೊಳ್ಳುವ ಮುನ್ನ ಒಂದು ಮಾತು. ಇದು 26×1¼ ಅಥವಾ 27×1¼ ಚಕ್ರಕ್ಕೆ ಮಾಡಿದ್ದಿರಬಹುದು. ರಿಮ್ಮಿನಲ್ಲಿ ಟೈರ್ ಕೂರುವ ವ್ಯಾಸ ಮೊದಲನೆಯದಕ್ಕೆ 597, ಎರಡನೆಯದಕ್ಕೆ 630 ಮಿ.ಮೀ. ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ದೊಡ್ಡ ಸೈಕಲ್ಲಿನ 28×1½ ಟೈರು 635. ನೋಡಲು 27ರಂತೆಯೇ ಕಾಣುತ್ತದೆ, 'ಆಗುತ್ತೆ ಸಾರ್' ಅಂತ ಅಂಗಡಿಯವರು ಹೇಳಿಯೂ ಹೇಳುತ್ತಾರೆ. ಆಗುವುದಿಲ್ಲ, ಗಾಳಿ ತುಂಬಿದಾಗ ಕಳಚಿ ಬರುತ್ತದೆ. 27ರ ಫ್ರೇಮ್ ಆಗಿದ್ದರೆ ಈಗಿನ ರೋಡ್ ಸೈಕಲ್ಲುಗಳ 700ಸಿ ಅಳತೆಯ ಚಕ್ರ ಹಾಕಿಕೊಳ್ಳಿ. ಅದು 622, ಬ್ರೇಕ್ ಶೂ 4 ಮಿ.ಮೀ. ಕೆಳಗಿಳಿದರೆ ಸಾಕು. ಬ್ರೇಕಿನ ತೋಳಿಗೆ ಅಷ್ಟು ಉದ್ದ ಇದೆಯೇ ಎಂದು ಮಾತ್ರ ಸಾಲ ತಂದ ಚಕ್ರವೊಂದನ್ನು ಕೂರಿಸಿ ನೋಡಿ, ಆಮೇಲೆ ಕೊಳ್ಳಿ.