ಹೊಸ ಫಿಲ್ಟರ್ ಹಾಕಿದ ಮೇಲೆ ಪಿಕಪ್ ಏಕೆ ಕಡಿಮೆಯಾಯಿತು?

ಮನೆಯಲ್ಲೇ ಕಾರಿನ ಎಂಜಿನ್ ಶಕ್ತಿ ಹೆಚ್ಚಿಸಲು ಹೊರಟ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣದಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನದು ಟರ್ಬೊ ಇಲ್ಲದ 1.2 ಲೀಟರ್ ಪೆಟ್ರೋಲ್ ಕಾರು, 90,000 ಕಿ.ಮೀ. ಓಡಿದೆ. ಕೋನ್ ಫಿಲ್ಟರ್, ಫ್ರೀ ಫ್ಲೋ ಸೈಲೆನ್ಸರ್, ಇರಿಡಿಯಂ ಪ್ಲಗ್ ಮೂರನ್ನೂ ನಾನೇ ಹಾಕಿಕೊಳ್ಳಬೇಕೆಂದಿದ್ದೇನೆ. ಯಾವುದರಿಂದ ಶುರು ಮಾಡಲಿ? ಎಷ್ಟು ಅಶ್ವಶಕ್ತಿ ಹೆಚ್ಚಬಹುದು?

ಉತ್ತರ: ಮೂರಕ್ಕೂ ಮೊದಲು ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂಬ ಪರೀಕ್ಷೆ) ಮಾಡಿ. ಇಷ್ಟು ಓಡಿದ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಸೋರುತ್ತಿದ್ದರೂ ಅಲ್ಲಿ ಕಳೆದುಹೋಗುವ ಶಕ್ತಿ, ಈ ಮೂರೂ ಭಾಗಗಳು ಸೇರಿ ಕೊಡುವುದಕ್ಕಿಂತ ಹೆಚ್ಚಿರುತ್ತದೆ.

ಎಂಜಿನ್ ಬಿಸಿ ಮಾಡಿ ನಿಲ್ಲಿಸಿ, ಪ್ಲಗ್ ಬಿಚ್ಚುವಷ್ಟು ಆರಲು ಬಿಡಿ. ಫ್ಯೂಯಲ್ ಪಂಪಿನ ಫ್ಯೂಸ್ ತೆಗೆಯಿರಿ, ಇಂಜೆಕ್ಟರ್ ಮತ್ತು ಇಗ್ನಿಷನ್ ಕಾಯಿಲ್ ಕನೆಕ್ಟರ್‌ಗಳನ್ನು ಬಿಚ್ಚಿಡಿ. ಎಲ್ಲ ಪ್ಲಗ್‌ಗಳನ್ನೂ ಹೊರಗೆ ತೆಗೆದು, ಒಂದು ರಂಧ್ರಕ್ಕೆ ಗೇಜ್ ಹಾಕಿ, ಆ್ಯಕ್ಸಿಲರೇಟರ್ ಪೂರ್ತಿ ಒತ್ತಿ, ಗೇಜಿನ ಮುಳ್ಳು ಐದಾರು ಸಲ ಜಿಗಿಯುವವರೆಗೆ ಸ್ಟಾರ್ಟರ್ ತಿರುಗಿಸಿ. ಹೀಗೆಯೇ ಪ್ರತಿ ಸಿಲಿಂಡರ್‌ಗೂ ಮಾಡಿ. ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು, ಇಲ್ಲದಿದ್ದರೆ ಕೊನೆಯ ಸಿಲಿಂಡರ್ ಸುಮ್ಮನೆ ಕಡಿಮೆ ತೋರಿಸುತ್ತದೆ. ಮ್ಯಾನುಯಲ್‌ನಲ್ಲಿ ಕೊಟ್ಟಿರುವ ಕನಿಷ್ಠ ಅಂಕಿಗಿಂತ ಮೇಲಿದ್ದು, ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ 10ರ ಒಳಗಿದ್ದರೆ ಮುಂದುವರಿಯಬಹುದು. ಒಂದು ಮಾತ್ರ ಕಡಿಮೆ ಇದ್ದರೆ ಅದಕ್ಕೆ ಒಂದು ಟೀ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕೂರುತ್ತಿಲ್ಲ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ಮೊದಲ ಅನುಮಾನ ಗ್ಯಾಸ್ಕೆಟ್ ಮೇಲೆಯೇ.

ಇನ್ನು ಅಶ್ವಶಕ್ತಿ. ಹಳೆಯ ಪ್ಲಗ್ ಸವೆದಿದ್ದರೆ ಇರಿಡಿಯಂ ಪ್ಲಗ್ ಹೋದದ್ದನ್ನು ವಾಪಸ್ ತರುತ್ತದೆಯೇ ಹೊರತು ಹೊಸದಾಗಿ ಏನನ್ನೂ ಸೇರಿಸುವುದಿಲ್ಲ. ಕಂಪನಿಯ ಪೇಪರ್ ಫಿಲ್ಟರ್ ಶುಚಿಯಾಗಿದ್ದರೆ, ಇಷ್ಟು ಚಿಕ್ಕ ಎಂಜಿನ್‌ಗೆ ಬೇಕಾದ ಗಾಳಿಗೆ ಅದು ಹೆಚ್ಚಿನ ಅಡ್ಡಿ ಮಾಡುವುದಿಲ್ಲ. ಮೂರರಿಂದಲೂ ಸಿಗುವುದು ಮೇಲಿನ ಆರ್‌ಪಿಎಂನಲ್ಲಿ ಒಂದೆರಡು ಅಶ್ವಶಕ್ತಿ. ಹೆಚ್ಚಾಗಿ ಬದಲಾಗುವುದು ಸದ್ದು, ಆ ಸದ್ದಿನಿಂದಲೇ ಕಾರು ಚುರುಕಾದಂತೆ ಅನ್ನಿಸುತ್ತದೆ. ಅದೇ ಹಣವನ್ನು ಒಳ್ಳೆಯ ಟೈರ್, ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್‌ಗೆ ಹಾಕಿದರೆ ಕಾರು ನಿಜವಾಗಿಯೂ ಉತ್ತಮವಾಗುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಎಣ್ಣೆ ಹಚ್ಚುವ ಹತ್ತಿಯ ಕೋನ್ ಫಿಲ್ಟರ್ ಹಾಕಿದೆ. ಕೆಲವೇ ದಿನಗಳಲ್ಲಿ ಚೆಕ್ ಎಂಜಿನ್ ದೀಪ ಹತ್ತಿತು, ಸ್ಕ್ಯಾನರ್ ಪಿ0171 ತೋರಿಸುತ್ತಿದೆ. ಐಡಲ್ ಏರುಪೇರಾಗುತ್ತದೆ, ಪಿಕಪ್ ಮೊದಲಿಗಿಂತ ಕಡಿಮೆ. ಫಿಲ್ಟರೇ ಸರಿಯಿಲ್ಲವೇ?

ಉತ್ತರ: ಫಿಲ್ಟರ್ ಸರಿಯಿರಬಹುದು, ಅದನ್ನು ಹಾಕಿದ ರೀತಿಯಲ್ಲಿ ತೊಂದರೆಯಿದೆ. ಪಿ0171 ಎಂದರೆ ಮಿಶ್ರಣದಲ್ಲಿ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದರ್ಥ. ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಗೊತ್ತಾಗದೆ ಗಾಳಿ ಒಳಬರುತ್ತಿದೆ, ಇಲ್ಲವೇ ಬಂದ ಗಾಳಿಯನ್ನು ಮ್ಯಾಫ್ ಸೆನ್ಸರ್ ಕಡಿಮೆ ಅಳೆಯುತ್ತಿದೆ.

ಎರಡರಲ್ಲಿ ಯಾವುದು ಎಂದು ಒಬಿಡಿ ಸ್ಕ್ಯಾನರ್‌ನಲ್ಲೇ ತಿಳಿಯಬಹುದು. ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಎರಡನ್ನೂ ಕೂಡಿಸಿ ಓದಿ. ಐಡಲ್‌ನಲ್ಲಿ ಶೇ +20ರ ಆಸುಪಾಸು ಇದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಇಳಿದರೆ ಸೆನ್ಸರ್‌ನ ಆಚೆ ಎಲ್ಲೋ ಗಾಳಿ ಸೋರಿಕೆ ಇದೆ. ಕ್ಲ್ಯಾಂಪ್, ಬಿರುಕು ಬಿಟ್ಟ ರಬ್ಬರ್ ಹೋಸ್, ಹಳೆಯ ಪೈಪಿನಿಂದ ಹೊಸದಕ್ಕೆ ಬದಲಾಯಿಸುವಾಗ ಮರೆತ ಬ್ರೀದರ್ ಪೈಪ್, ಇವನ್ನೆಲ್ಲ ಒಂದೊಂದಾಗಿ ನೋಡಿ. ಬದಲಿಗೆ ಲೋಡ್ ಹೆಚ್ಚಿದಷ್ಟೂ ಟ್ರಿಮ್ ಏರುತ್ತಿದ್ದರೆ ಸೆನ್ಸರ್ ತಪ್ಪು ಅಳೆಯುತ್ತಿದೆ. (ಮ್ಯಾಫ್ ಇಲ್ಲದೆ, ಇನ್‌ಟೇಕ್ ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇರುವ ಕಾರುಗಳಲ್ಲಿ ಈ ಲೆಕ್ಕ ನಡೆಯದು, ಅಲ್ಲಿ ಸೋರಿಕೆಯಾದರೆ ಸಾಮಾನ್ಯವಾಗಿ ಐಡಲ್ ಆರ್‌ಪಿಎಂ ಏರುತ್ತದೆ.)

ನಿಮ್ಮ ಲಕ್ಷಣ ನೋಡಿದರೆ ಫಿಲ್ಟರ್‌ಗೆ ಎಣ್ಣೆ ಜಾಸ್ತಿಯಾಗಿರುವ ಸಾಧ್ಯತೆ ಹೆಚ್ಚು. ಮ್ಯಾಫ್ ಒಳಗಿನ ತಂತಿ ಕೂದಲೆಳೆಯಷ್ಟು ತೆಳು. ಅದನ್ನು ಕರೆಂಟ್ ಕೊಟ್ಟು ಬಿಸಿಯಾಗಿ ಇಟ್ಟಿರುತ್ತಾರೆ. ಹಾದುಹೋಗುವ ಗಾಳಿ ತಂತಿಯನ್ನು ಎಷ್ಟು ತಣಿಸುತ್ತದೆ ಎಂಬುದರ ಮೇಲೆ ಗಾಳಿಯ ಲೆಕ್ಕ. ಎಣ್ಣೆಯೂ ಅದಕ್ಕೆ ಅಂಟಿದ ದೂಳೂ ತಂತಿಗೆ ಕವಚ ಕಟ್ಟಿದರೆ ಅದು ಸರಿಯಾಗಿ ತಣಿಯುವುದಿಲ್ಲ, ಗಾಳಿ ಕಡಿಮೆ ಬಂತೆಂದು ಇಸಿಯು ತಿಳಿಯುತ್ತದೆ. ಸೆನ್ಸರ್ ಬಿಚ್ಚಿ, ಮ್ಯಾಫ್ ಕ್ಲೀನರ್ ಎಂದೇ ಬರೆದಿರುವ ಸ್ಪ್ರೇಯನ್ನು ನಾಲ್ಕಾರು ಇಂಚು ದೂರದಿಂದ ಹತ್ತು ಹದಿನೈದು ಸಲ ಹೊಡೆಯಿರಿ. ಕಾರ್ಬ್ಯುರೇಟರ್ ಕ್ಲೀನರ್ ಬೇಡ, ಅದು ಪ್ಲಾಸ್ಟಿಕ್ಕನ್ನೂ ಲೇಪನವನ್ನೂ ತಿನ್ನುತ್ತದೆ. ಬಟ್ಟೆ, ಬ್ರಷ್, ಕಂಪ್ರೆಸರ್ ಗಾಳಿ ಯಾವುದೂ ತಂತಿಗೆ ತಾಗಬಾರದು. ಅರ್ಧ ಗಂಟೆ ತಾನಾಗಿ ಒಣಗಲಿ, ಬಾಣದ ಗುರುತು ಎಂಜಿನ್ ಕಡೆಗಿರುವಂತೆ ವಾಪಸ್ ಕೂರಿಸಿ. ಕೋಡ್ ಅಳಿಸಿ, ಒಂದೆರಡು ದಿನ ಓಡಿಸಿ, ಟ್ರಿಮ್ ಮತ್ತೆ ಓದಿ.

ಆಗಲೂ ಸರಿಯಾಗದಿದ್ದರೆ ಹೊಸ ಪೈಪಿನ ಒಳಅಳತೆ ನೋಡಿ. ಸೆನ್ಸರ್ ಕೂರುವ ಕಡೆ ಪೈಪ್ ಅಗಲವಾದರೆ ಅಷ್ಟೇ ಗಾಳಿ ನಿಧಾನವಾಗಿ ಹಾಯುತ್ತದೆ, ಲೆಕ್ಕ ತಪ್ಪುತ್ತದೆ. ವ್ಯಾಸ 70 ಮಿ.ಮೀ.ನಿಂದ 76ಕ್ಕೆ ಏರಿದರೆ ವಿಸ್ತೀರ್ಣ ಸುಮಾರು ಶೇ 18 ಹೆಚ್ಚುತ್ತದೆ. ಇಸಿಯು ಮ್ಯಾಪ್ (ಇಸಿಯು ಒಳಗಿನ ಲೆಕ್ಕದ ಪಟ್ಟಿ) ಬದಲಿಸದೆ ಇದನ್ನು ಸರಿಪಡಿಸಲಾಗದು. ಹಳೆಯ ಅಳತೆಯ ಹೌಸಿಂಗ್‌ಗೆ ಮರಳುವುದೇ ಸುಲಭ.

ಪಿಕಪ್ ಇಳಿದದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು. ಬಾನೆಟ್ ಒಳಗೆ ತೆರೆದ ಫಿಲ್ಟರ್ ರೇಡಿಯೇಟರ್‌ನ ಬಿಸಿಗಾಳಿ ಎಳೆಯುತ್ತದೆ. ಹೊರಗೆ 30 ಡಿಗ್ರಿ, ಒಳಗೆ 60 ಡಿಗ್ರಿ ಇದ್ದರೆ ಗಾಳಿಯ ಸಾಂದ್ರತೆ ಸುಮಾರು ಶೇ 9 ಕಡಿಮೆ. ಅದರ ಮೇಲೆ ಇಸಿಯು ಇಗ್ನಿಷನ್ ಟೈಮಿಂಗನ್ನೂ ಹಿಂದಕ್ಕೆ ತಳ್ಳುತ್ತದೆ. ಫಿಲ್ಟರ್ ಸುತ್ತ ಮುಚ್ಚಿದ ಪೆಟ್ಟಿಗೆ ಮಾಡಿ, ಗ್ರಿಲ್ ಹಿಂದಿನಿಂದ ತಣ್ಣನೆಯ ಗಾಳಿಗೆ ದಾರಿ ಕೊಡಿ.

ಪ್ರಶ್ನೆ: ಟರ್ಬೊ ಕಾರು ರಿಮ್ಯಾಪ್ ಮಾಡಿಸುವ (ಇಸಿಯು ಮ್ಯಾಪ್ ಬದಲಿಸುವ) ಮುನ್ನ ತಣ್ಣನೆಯ ಪ್ಲಗ್ ಹಾಕಲು ಹೇಳಿದ್ದಾರೆ. ಗ್ಯಾಪ್ ಎಷ್ಟು? ಎಷ್ಟು ಬಿಗಿಯಬೇಕು?

ಉತ್ತರ: ತಣ್ಣನೆಯ ಪ್ಲಗ್ ಎಂದರೆ ತುದಿಯ ಬಿಸಿಯನ್ನು ಬೇಗ ಹೆಡ್‌ಗೆ ಬಿಟ್ಟುಕೊಡುವ ಪ್ಲಗ್. ಒಂದು ಹಂತ ತಣ್ಣಗಿನದು ಸಾಕು. ಎನ್‌ಜಿಕೆ ಪ್ಲಗ್‌ನಲ್ಲಿ ಸಂಖ್ಯೆ ಹೆಚ್ಚಿದಷ್ಟೂ ತಣ್ಣಗೆ, ಬಾಷ್‌ನಲ್ಲಿ ಇದು ತಿರುಗಾಮುರುಗಾ. ಬ್ರ್ಯಾಂಡ್ ಬದಲಿಸುವವರು ಇಲ್ಲಿ ಎಡವುತ್ತಾರೆ. ಪ್ಲಗ್‌ನ ತುದಿ ಸುಮಾರು 450 ಡಿಗ್ರಿಗಿಂತ ತಣ್ಣಗಿದ್ದರೆ ಮಸಿ ಸುಟ್ಟುಹೋಗದೆ ಕಟ್ಟಿಕೊಳ್ಳುತ್ತದೆ, 850 ಡಿಗ್ರಿ ದಾಟಿದರೆ ಕಿಡಿಗೂ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯ. ಹಾಗಾಗಿ ಊರೊಳಗೆ ಮಾತ್ರ ಓಡುವ ಕಾರಿಗೆ ಎರಡು ಹಂತ ಇಳಿಸಬಾರದು.

ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಹೆಚ್ಚಿದಾಗ ಅಗಲ ಗ್ಯಾಪ್‌ನಲ್ಲಿ ಕಿಡಿ ಆರುತ್ತದೆ. ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ. ಇಡುತ್ತಾರೆ, ರಿಮ್ಯಾಪ್ ಮಾಡುವವರು ಬೇರೆ ಅಂಕಿ ಹೇಳಿದರೆ ಅದೇ ಸರಿ. ಅಳೆಯುವಾಗ ನಡುವಿನ ಇರಿಡಿಯಂ ತುದಿಗೆ ಏನನ್ನೂ ಒತ್ತಬೇಡಿ, ಅದು ಪುಟ್ಟ ಬೆಸುಗೆಯ ಮೇಲೆ ನಿಂತಿದೆ. ಹೊರಗಿನ ಬಾಗಿದ ಕಡ್ಡಿಯನ್ನು ಮಾತ್ರ ಬಾಗಿಸಿ.

ಬಿಚ್ಚುವುದೂ ಕೂರಿಸುವುದೂ ಎಂಜಿನ್ ತಣ್ಣಗಿದ್ದಾಗ. ಮೊದಲು ಪ್ಲಗ್ ಗುಂಡಿಯ ದೂಳು ಊದಿ ತೆಗೆಯಿರಿ. ಹೊಸ ಪ್ಲಗ್‌ನ ಮೇಲ್ತುದಿಗೆ ಗಿಡ್ಡ ರಬ್ಬರ್ ಪೈಪ್ ಸಿಕ್ಕಿಸಿ, ಅದರಿಂದಲೇ ಥ್ರೆಡ್ ಹಿಡಿಸಿ. ಅಡ್ಡಥ್ರೆಡ್ ಆದರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ಅಲ್ಯೂಮಿನಿಯಂ ಹೆಡ್‌ನಲ್ಲಿ ವಾಷರ್ ಇರುವ 14 ಮಿ.ಮೀ. ಪ್ಲಗ್‌ಗೆ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ.ಗೆ 15ರಿಂದ 20. ಲೇಪನವಿರುವ ಪ್ಲಗ್‌ಗೆ ಆ್ಯಂಟಿ ಸೀಜ್ ಹಚ್ಚಬೇಡಿ. ಜಾರಿಕೆ ಹೆಚ್ಚಿ, ರೆಂಚ್ ಅದೇ ಅಂಕಿ ತೋರಿಸಿದರೂ ಥ್ರೆಡ್ ಮೇಲೆ ಅತಿಯಾದ ಎಳೆತ ಬೀಳುತ್ತದೆ.

ಪ್ರಶ್ನೆ: ಹೆಡರ್ (ಎಂಜಿನ್‌ನಿಂದ ಹೊಗೆ ಹೊರತರುವ ಪೈಪ್‌ಗಳ ಜೋಡಣೆ) ಹಾಕಿದ ನಂತರ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ಇಲ್ಲ. ಮೈಲೇಜ್ ಇಳಿದಿದೆ, ಪೆಟ್ರೋಲ್ ವಾಸನೆಯೂ ಬರುತ್ತದೆ.

ಉತ್ತರ: ಹೆಡರ್ ಎಂಜಿನ್‌ಗೆ ಕೂರುವ ಫ್ಲ್ಯಾಂಜ್ ಬಳಿ ಸೋರಿಕೆ. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚುವುದರಿಂದ ಸದ್ದು ನಿಲ್ಲುತ್ತದೆ. ಎಗ್ಸಾಸ್ಟ್‌ನಲ್ಲಿ ಒತ್ತಡ ಅಲೆಅಲೆಯಾಗಿ ಬರುತ್ತದೆ. ಅಲೆ ತಗ್ಗಿದಾಗ ಅದೇ ಸಂದಿನಿಂದ ಹೊರಗಿನ ಗಾಳಿ ಒಳಸೇರಿ ಆಕ್ಸಿಜನ್ ಸೆನ್ಸರ್ ಮುಟ್ಟುತ್ತದೆ. ಪೆಟ್ರೋಲ್ ಸಾಲದು ಎಂದುಕೊಂಡ ಇಸಿಯು ಇನ್ನಷ್ಟು ಸುರಿಸುತ್ತದೆ. ನಿಮ್ಮ ಮೈಲೇಜ್ ಹೋದದ್ದು ಹೀಗೆ.

ಹೆಡರ್ ಬಿಚ್ಚಿ, ಫ್ಲ್ಯಾಂಜ್ ಮೇಲೆ ಸ್ಟ್ರೈಟ್ ಎಜ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ. ವೆಲ್ಡಿಂಗ್‌ನಲ್ಲಿ ಸೊಟ್ಟಗಾಗಿದ್ದರೆ ಮೆಷಿನ್ ಶಾಪ್‌ನಲ್ಲಿ ಮಟ್ಟ ಮಾಡಿಸಬೇಕು, ಎರಡು ಗ್ಯಾಸ್ಕೆಟ್ ಒಟ್ಟಿಗೆ ಹಾಕುವುದು ಪರಿಹಾರವಲ್ಲ. ಹೊಸ ಗ್ಯಾಸ್ಕೆಟ್ ಹಾಕಿ ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿಯಿರಿ. ಒಮ್ಮೆ ಪೂರ್ತಿ ಬಿಸಿಯಾಗಿ ಆರಿದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಿ. ತುಕ್ಕು ಹಿಡಿದ ಸ್ಟಡ್‌ಗೆ ಹಿಂದಿನ ರಾತ್ರಿಯೇ ಪೆನಿಟ್ರೇಟಿಂಗ್ ಆಯಿಲ್ ಬಿಡಿ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಬಿಗಿದು, ಮತ್ತೆ ಬಿಚ್ಚಿ.

ಇದನ್ನು ಮುಂದೂಡಬೇಡಿ. ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಎಸಿಯ ಗಾಳಿದಾರಿಯಿಂದ ಕಾರಿನೊಳಗೆ ಬರುತ್ತದೆ. ಬಾಗಿಲು ಮುಚ್ಚಿದ ಗ್ಯಾರೇಜ್‌ನಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸಲೇಬೇಡಿ. ಕೆಳಗೆ ಮಲಗುವಾಗ ಕಾರು ಗಟ್ಟಿ ನೆಲದ ಮೇಲೆ, ಜ್ಯಾಕ್ ಸ್ಟ್ಯಾಂಡ್ ಮೇಲಿರಬೇಕು. ಬರೀ ಜ್ಯಾಕ್ ನಂಬಿ ಯಾರೂ ಕೆಳಗೆ ಹೋಗಬಾರದು.

ಪ್ರಶ್ನೆ: ಟರ್ಬೊ ಪೆಟ್ರೋಲ್ ಕಾರಿಗೆ ಲ್ಯಾಪ್‌ಟಾಪ್‌ನಿಂದ ಮನೆಯಲ್ಲೇ ರಿಮ್ಯಾಪ್ ಹಾಕಬಹುದೇ?

ಉತ್ತರ: ಹಾಕಬಹುದು. ನಿಜವಾದ ಶಕ್ತಿ ಸಿಗುವುದೂ ಇಲ್ಲೇ: ಟರ್ಬೊ ಎಂಜಿನ್‌ನಲ್ಲಿ ಬೂಸ್ಟ್ ಏರಿಸಬಹುದಾದ್ದರಿಂದ ಶೇ 15ರಿಂದ 25ರಷ್ಟು ಟಾರ್ಕ್ ಹೆಚ್ಚುವುದು ಸಾಮಾನ್ಯ. ಫೈಲ್ ಮಾತ್ರ ನಿಮ್ಮ ಇಸಿಯುವಿನ ಸಾಫ್ಟ್‌ವೇರ್ ಆವೃತ್ತಿಗೇ ಹೊಂದುವಂಥದ್ದಾಗಿರಬೇಕು. ಮೂಲ ಫೈಲನ್ನು ಓದಿ ಎರಡು ಕಡೆ ಉಳಿಸಿಟ್ಟ ನಂತರವೇ ಬರೆಯಲು ಶುರು ಮಾಡಿ. ಬರೆಯುವಾಗ ವೋಲ್ಟೇಜ್ 13ಕ್ಕಿಂತ ಇಳಿಯದಂತೆ ಸ್ಥಿರ ಪವರ್ ಸಪ್ಲೈ ಜೋಡಿಸಿ. ಹೆಡ್‌ಲೈಟ್, ಫ್ಯಾನ್, ಸ್ಟೀರಿಯೊ ಆಫ್. ಲ್ಯಾಪ್‌ಟಾಪ್‌ನ ಸ್ಲೀಪ್ ಮೋಡ್ ಆಫ್. ನಡುವೆ ಸಂಪರ್ಕ ಕಡಿದರೆ ಇಸಿಯು ಏಳದಿರಬಹುದು.

ಅದಕ್ಕೂ ಮೊದಲು ಬೂಸ್ಟ್ ಪೈಪ್‌ಗಳಿಗೆ 1 ಬಾರ್ ಗಾಳಿ ತುಂಬಿ, ಜಾಯಿಂಟ್‌ಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಮ್ಯಾಪ್ ಯಾವ ಆಕ್ಟೇನ್ ಪೆಟ್ರೋಲಿಗೆ ಬರೆದದ್ದೋ ಅದನ್ನೇ ಹಾಕಿ. ನಂತರ ಡೈನೊ (ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಲಾಗ್ ತೆಗೆಸಿ. ಪೂರ್ತಿ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ (ಗಾಳಿ ಮತ್ತು ಪೆಟ್ರೋಲಿನ ಅನುಪಾತದ ಅಳತೆ, 1ಕ್ಕಿಂತ ಕಡಿಮೆ ಎಂದರೆ ಪೆಟ್ರೋಲ್ ಹೆಚ್ಚು) 0.80ರಿಂದ 0.90ರ ನಡುವೆ ಇರಬೇಕು. ನಾಕ್‌ನಿಂದಾಗಿ (ಮಿಶ್ರಣ ತಾನಾಗಿ ಸಿಡಿಯುವುದರಿಂದ) ಟೈಮಿಂಗ್ ಆಗೊಮ್ಮೆ ಈಗೊಮ್ಮೆ ಒಂದೆರಡು ಡಿಗ್ರಿ ಹಿಂದೆ ಹೋದರೆ ಚಿಂತೆಯಿಲ್ಲ. ಒಂದೇ ಸಿಲಿಂಡರ್‌ನಲ್ಲಿ ಪ್ರತಿ ಸಲವೂ ನಾಲ್ಕು ಡಿಗ್ರಿ ಹೋಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ 1,500ರ ಆಸುಪಾಸಿನ ಆರ್‌ಪಿಎಂನಲ್ಲಿ ಮೇಲಿನ ಗೇರ್ ಹಾಕಿ ಪೂರ್ತಿ ಥ್ರಾಟಲ್ ಒತ್ತಬೇಡಿ. ಅಲ್ಲಿ ಕಿಡಿಗೆ ಮೊದಲೇ ಮಿಶ್ರಣ ಸ್ಫೋಟಿಸಿದರೆ ಪಿಸ್ಟನ್‌ನ ರಿಂಗ್ ಪಟ್ಟಿ ಒಂದೇ ಏಟಿಗೆ ಮುರಿಯಬಹುದು. ತಯಾರಕರು ಹೇಳಿದ ಗ್ರೇಡ್‌ನಲ್ಲಿ ಎಪಿಐ ಎಸ್‌ಪಿ ದರ್ಜೆಯ ಆಯಿಲ್ ಈ ಅಪಾಯ ಕಡಿಮೆ ಮಾಡುತ್ತದೆ. ಮೇಲಿನ ಗೇರ್‌ನಲ್ಲಿ ಥ್ರಾಟಲ್ ಕೊಟ್ಟಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಹೆಚ್ಚಿದ ಟಾರ್ಕ್ ತಡೆಯಲು ಅದಕ್ಕೆ ಆಗುತ್ತಿಲ್ಲ.

ಪ್ರಶ್ನೆ: ಹೊರಗೆ ಗಾಳಿ ಬಿಡುವ ಬ್ಲೋ ಆಫ್ ವಾಲ್ವ್ ಹಾಕಿದರೆ ಶಕ್ತಿ ಹೆಚ್ಚುತ್ತದೆಯೇ?

ಉತ್ತರ: ಇಲ್ಲ, ಸದ್ದು ಮಾತ್ರ. ಮ್ಯಾಫ್ ಇರುವ ಕಾರಿನಲ್ಲಿ ಈಗಾಗಲೇ ಅಳೆದ ಗಾಳಿ ಹೊರಹೋಗುವುದರಿಂದ ಗೇರ್ ಬದಲಿಸಿದಾಗಲೆಲ್ಲ ಪೆಟ್ರೋಲ್ ಹೆಚ್ಚಾಗಿ, ಕೆಲವೊಮ್ಮೆ ಎಂಜಿನ್ ಬಂದ್ ಆಗುತ್ತದೆ. ಕಂಪನಿಯದೇ ಇರಲಿ.

ಪ್ರಶ್ನೆ: ಕ್ಯಾಮ್‌ಶಾಫ್ಟ್ ಬದಲಿಸುವುದು ಮನೆಯಲ್ಲಿ ಸಾಧ್ಯವೇ?

ಉತ್ತರ: ಟೈಮಿಂಗ್ ಬೆಲ್ಟ್ ಬದಲಿಸಿ ಅಭ್ಯಾಸವಿದ್ದವರಿಗೆ ಸಾಧ್ಯ. ಲಿಫ್ಟ್ (ವಾಲ್ವ್ ತೆರೆಯುವ ಎತ್ತರ) ಹೆಚ್ಚಿರುವ ಕ್ಯಾಮ್‌ಗೆ ಅದರ ತಯಾರಕರು ಹೇಳಿದ ವಾಲ್ವ್ ಸ್ಪ್ರಿಂಗ್ ಬೇಕು, ಇಸಿಯು ಮ್ಯಾಪ್ ಕೂಡ ಬದಲಾಗಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಪಿಸ್ಟನ್‌ಗೂ ವಾಲ್ವ್‌ಗೂ ನಡುವಿನ ಅಂತರ. ಹೆಡ್ ಇಳಿಸಿದ್ದರೆ ಪಿಸ್ಟನ್ ತಲೆಯ ಮೇಲೆ ಮೆತ್ತನೆಯ ಕ್ಲೇ ಇಟ್ಟು, ಗ್ಯಾಸ್ಕೆಟ್ ಸಮೇತ ಜೋಡಿಸಿ, ಕೈಯಿಂದ ತಿರುಗಿಸಿ, ಮತ್ತೆ ಬಿಚ್ಚಿ ಕ್ಲೇ ಅತಿ ತೆಳುವಾಗಿರುವ ಕಡೆ ಕುಯ್ದು ಅಳೆಯಿರಿ. ಇನ್‌ಟೇಕ್ ಕಡೆ 2 ಮಿ.ಮೀ., ಎಗ್ಸಾಸ್ಟ್ ಕಡೆ 2.5 ಮಿ.ಮೀ.ಗಿಂತ ಕಡಿಮೆ ಇರಬಾರದು. ಹೈಡ್ರಾಲಿಕ್ ಲಿಫ್ಟರ್ ಇರುವ ಎಂಜಿನ್‌ನಲ್ಲಿ ಲಿಫ್ಟರ್ ಕುಸಿದು ಅಂತರ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಆದ್ದರಿಂದ ಅಳೆಯುವಾಗ ಮಾತ್ರ ಮೃದುವಾದ ಸ್ಪ್ರಿಂಗ್ ಹಾಕಿಕೊಳ್ಳಿ. ಒಮ್ಮೆ ಹಿಗ್ಗಿಸಿ ಬಿಗಿಯುವ ಬಗೆಯ ಹೆಡ್ ಬೋಲ್ಟ್‌ಗಳಿದ್ದರೆ, ಕೊನೆಯ ಜೋಡಣೆಗೆ ಹೊಸ ಬೋಲ್ಟ್ ಮತ್ತು ಹೊಸ ಗ್ಯಾಸ್ಕೆಟ್ ಬೇಕು.

ಎಲ್ಲ ಮುಗಿದ ಮೇಲೆ ಸ್ಟಾರ್ಟರ್ ಮುಟ್ಟಬೇಡಿ. ಪ್ಲಗ್ ತೆಗೆದು, ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಎರಡು ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸಿ. ಗುರುತುಗಳು ಮತ್ತೆ ಸೇರಬೇಕು. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ವಾಲ್ವ್ ಪಿಸ್ಟನ್‌ಗೆ ತಾಗಿರಬಹುದು. ಬೆಲ್ಟ್ ಬಿಚ್ಚಿ ಗುರುತುಗಳನ್ನು ಮೊದಲಿನಿಂದ ಜೋಡಿಸಿ.